ಫ್ಯಾಕ್ಟ್‌ಚೆಕ್: ‘ಜೀನ್ ರಿಪೋರ್ಟ್ ಕೆಟ್ಟದಾಗಿ ಬಂದರೆ ರಕ್ತದ ಕ್ಯಾನ್ಸರ್ ಇರುವ ಮಗು ಉಳಿಯುವುದಿಲ್ಲ’ ಎಂಬುದು ನಿಜವೇ?

ಚುಟುಕಾಗಿ: ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ‘ಫಿಲಡೆಲ್ಫಿಯಾ ಕ್ರೋಮೋಸೋಮ್’ ಎಂಬ ಗುರುತು ಸಿಕ್ಕರೆ ಚಿಕಿತ್ಸೆ ಮಾಡಿಸಿ ಉಪಯೋಗವಿಲ್ಲ ಎಂಬ ಸಂದೇಶ ತಪ್ಪು. ಇಪ್ಪತ್ತೈದು ವರ್ಷದ ಹಿಂದಿನ ಸ್ಥಿತಿಯನ್ನು ಇವತ್ತಿನದು ಎಂಬಂತೆ ಅದು ಹೇಳುತ್ತದೆ. ಈ ಗುರುತು ಇರುವ ಮಕ್ಕಳಿಗೆ ಈಗ ಅದಕ್ಕೆಂದೇ ಮಾತ್ರೆ ಇದೆ.

ಏನಿದು ಸಂದೇಶ?

ಬೀದರ್ ಜಿಲ್ಲೆಯ ಹುಮನಾಬಾದ್‌ನಿಂದ ಓದುಗರೊಬ್ಬರು ನಮ್ಮ ವಾಟ್ಸಾಪ್ ನಂಬರಿಗೆ ಎರಡು ಚಿತ್ರ ಕಳಿಸಿದರು. ಒಂದು ಲ್ಯಾಬ್ ರಿಪೋರ್ಟ್. ಅದರಲ್ಲಿ ‘ಬಿಸಿಆರ್-ಎಬಿಎಲ್1 ಪಾಸಿಟಿವ್’ ಎಂಬ ಸಾಲಿನ ಕೆಳಗೆ ಯಾರೋ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ. ಇನ್ನೊಂದು, ಹಲವು ಸಲ ಫಾರ್ವರ್ಡ್ ಆದ ಸಂದೇಶದ ಸ್ಕ್ರೀನ್‌ಶಾಟ್. ಈ ಗುರುತು ಇರುವ ಮಕ್ಕಳು ಕೆಲವೇ ತಿಂಗಳು ಬದುಕುತ್ತಾರೆ, ಆಸ್ಪತ್ರೆಯವರು ಹಣಕ್ಕಾಗಿ ಕೀಮೋ ಕೊಡುತ್ತಾರೆ, ಮಗುವನ್ನು ಮನೆಗೆ ಕರೆತಂದು ನೆಮ್ಮದಿಯಿಂದ ಇಟ್ಟುಕೊಳ್ಳಿ ಎಂದು ಅದರಲ್ಲಿ ಬರೆದಿತ್ತು. ಮಗುವಿನ ಮನೆ ಬಸವಕಲ್ಯಾಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ. ನಮಗೆ ಬರೆದವರು ಅವನ ಕಾಕಾ. ‘ಸರ, ಇದು ಖರೇ ಏನ್ರಿ? ಮನಿಗೆ ಕರ್ಕೊಂಡ್ ಬರ್ರಿ ಅಂತ ಊರಾಗ ಎಲ್ಲಾರೂ ಅನ್ಲತ್ತಾರ’ ಎಂದಷ್ಟೇ ಕೇಳಿದ್ದರು.

ಮಗುವಿನ ಗುರುತು ಸಿಗುವ ಯಾವ ವಿವರವನ್ನೂ ನಾವು ಇಲ್ಲಿ ಕೊಡುತ್ತಿಲ್ಲ. ಅಂದ ಹಾಗೆ, ಹೆಸರು, ವಯಸ್ಸು, ಆಸ್ಪತ್ರೆಯ ನಂಬರ್ ಎಲ್ಲ ಕಾಣುವಂತೆ ರಿಪೋರ್ಟನ್ನು ಗುಂಪುಗಳಿಗೆ ಹಾಕಬೇಡಿ. ನಮಗೆ ಕಳಿಸುವಾಗಲೂ ಆ ಭಾಗವನ್ನು ಬೆರಳಿನಿಂದ ಮುಚ್ಚಿ ಫೋಟೊ ತೆಗೆಯಿರಿ.

ಈ ಗುರುತು ಅಂದರೆ ಏನು?

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ರಕ್ತದ್ದು. ಅದರಲ್ಲೂ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಆಸ್ಪತ್ರೆಯ ಮಾತಿನಲ್ಲಿ ಎಎಲ್‌ಎಲ್. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಮೂಳೆಯೊಳಗಿನ ಮಜ್ಜೆಯಲ್ಲಿ, ಅಂದರೆ ಬೋನ್ ಮ್ಯಾರೋದಲ್ಲಿ, ಇನ್ನೂ ಬಲಿಯದ ಬಿಳಿ ರಕ್ತಕಣಗಳು ಲಂಗುಲಗಾಮಿಲ್ಲದೆ ಹೆಚ್ಚುತ್ತವೆ. ಒಳ್ಳೆಯ ಕಣಗಳಿಗೆ ಜಾಗವೇ ಇಲ್ಲದಂತಾಗುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಜ್ವರ ಬಿಡುವುದಿಲ್ಲ, ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆ ಏಳುತ್ತವೆ, ಕಾಲು ನೋವೆಂದು ಅಳುತ್ತದೆ.

ಹೆಸರು ಒಂದೇ ಆದರೂ ಎಎಲ್‌ಎಲ್ ಒಳಗೆ ಹಲವು ಬಗೆಗಳಿವೆ. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಸುಮಾರಾಗಿ ಒಂದೇ ಥರ ಕಾಣುತ್ತವೆ. ಬೇರೆ ಮಾಡಿ ತೋರಿಸುವುದು ಕ್ಯಾನ್ಸರ್ ಕಣದೊಳಗಿನ ಕ್ರೋಮೋಸೋಮುಗಳು. ನಮ್ಮ ಪ್ರತಿ ಕಣದಲ್ಲೂ 46 ಕ್ರೋಮೋಸೋಮುಗಳಿರುತ್ತವೆ, 23 ಜೋಡಿ. ಫಿಲಡೆಲ್ಫಿಯಾ ಬಗೆಯಲ್ಲಿ 9ನೇ ಕ್ರೋಮೋಸೋಮಿನ ಒಂದು ತುಂಡು ಮುರಿದು 22ನೆಯದಕ್ಕೆ ಅಂಟಿಕೊಳ್ಳುತ್ತದೆ, 22ರ ತುಂಡು 9ಕ್ಕೆ ಹೋಗುತ್ತದೆ. ಸರ್ವೆ ನಂಬರ್ 9ರ ತುಂಡು ಭೂಮಿ 22ರ ಪಹಣಿಯಲ್ಲಿ ಸೇರಿಹೋದ ಹಾಗೆ. ಪಹಣಿಯ ತಪ್ಪಾದರೆ ತಹಸೀಲ್ದಾರ್ ಕಚೇರಿಗೆ ಅಲೆದು ಸರಿ ಮಾಡಿಸಬಹುದು, ಇಲ್ಲಿ ಹಾಗಾಗುವುದಿಲ್ಲ. ಎರಡು ಜೀನ್‌ಗಳು ಒಂದಾಗಿ ಬಿಸಿಆರ್-ಎಬಿಎಲ್1 ಎಂಬ ಹೊಸ ಜೀನ್ ಹುಟ್ಟುತ್ತದೆ. ಅದು ಕಣಕ್ಕೆ ‘ಹೆಚ್ಚು, ಹೆಚ್ಚು’ ಎಂದು ಹೇಳುತ್ತಲೇ ಇರುತ್ತದೆ. ಪಂಪ್‌ಸೆಟ್ಟಿನ ಸ್ವಿಚ್ ಆನ್ ಆದಲ್ಲೇ ಅಂಟಿಕೊಂಡು ಬಾವಿ ಬತ್ತಿದರೂ ಮೋಟಾರ್ ನಿಲ್ಲದಂತೆ.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಊರಿನಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ವಿಚಿತ್ರ ಕ್ರೋಮೋಸೋಮನ್ನು ಮೊದಲು ಗುರುತಿಸಿದರು. ಹೆಸರು ಬಂದಿದ್ದು ಹಾಗೆ. ಅದು 9 ಮತ್ತು 22ರ ಅದಲುಬದಲು ಎಂದು 1973ರಲ್ಲಿ ತೋರಿಸಿಕೊಟ್ಟವರು ಜಾನೆಟ್ ರೌಲಿ. ದೊಡ್ಡವರ ಎಎಲ್‌ಎಲ್‌ನಲ್ಲಿ ಈ ಗುರುತು ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಇರುತ್ತದೆ. ಮಕ್ಕಳಲ್ಲಿ ಅಪರೂಪ, ನೂರಕ್ಕೆ ಮೂರರಿಂದ ಐದು.

ಹಾಗಾದರೆ ಸಂದೇಶದಲ್ಲಿರುವುದು ಪೂರ್ತಿ ಸುಳ್ಳೇ?

ಒಂದು ಕಾಲದಲ್ಲಿ ಅದರಲ್ಲಿ ಅರ್ಧ ಸತ್ಯವಿತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಬರೀ ಕೀಮೋ ಇದ್ದಾಗ ಈ ಗುರುತಿರುವ ಹೆಚ್ಚಿನ ಮಕ್ಕಳಿಗೆ ಕಾಯಿಲೆ ಮರಳುತ್ತಿತ್ತು. ಮೂರು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಉಳಿಯುತ್ತಿದ್ದವರು ನೂರಕ್ಕೆ ಸುಮಾರು 35 ಮಂದಿ. ಬೋನ್ ಮ್ಯಾರೋ ಕಸಿ ಮಾಡಿಸಲೇಬೇಕು ಎನ್ನುತ್ತಿದ್ದರು. ಅದು ಎಷ್ಟು ಕುಟುಂಬಗಳ ಕೈಗೆಟಕುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಇಮಾಟಿನಿಬ್ ಎಂಬ ಮಾತ್ರೆ ಬಂತು. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ದೊಡ್ಡವರಲ್ಲಿ ಹೆಚ್ಚಾಗಿ ಬರುವ ಇನ್ನೊಂದು ಬಗೆಯ ರಕ್ತದ ಕ್ಯಾನ್ಸರಿಗೆ, ಆದರೆ ಅದರ ಮೂಲವೂ ಇದೇ ಬಿಸಿಆರ್-ಎಬಿಎಲ್1. ಅಂಟಿಕೊಂಡ ಸ್ವಿಚ್ಚಿಗೇ ಅಡ್ಡಗಡ್ಡಿ ಹಾಕುವ ಔಷಧ ಇದು. ಮಕ್ಕಳಿಗೆ ಕೀಮೋ ಜೊತೆ ಇದನ್ನು ನಿರಂತರವಾಗಿ ಕೊಟ್ಟು ನೋಡಿದ ಅಮೆರಿಕದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಇದ್ದವರು ನೂರಕ್ಕೆ 80. ಆ ಗುಂಪು ಚಿಕ್ಕದು, 44 ಮಕ್ಕಳು. 2014ರಲ್ಲಿ ಐದು ವರ್ಷದ ಲೆಕ್ಕ ಬಂದಾಗ 80 ಸುಮಾರು 70ಕ್ಕೆ ಇಳಿದಿತ್ತು. ಆದರೆ ಕಸಿ ಮಾಡಿಸಿಕೊಂಡವರಿಗಿಂತ ಮಾತ್ರೆ ಮತ್ತು ಕೀಮೋ ಪಡೆದವರ ಸ್ಥಿತಿ ಕಡಿಮೆಯೇನೂ ಇರಲಿಲ್ಲ. ಅಂದರೆ ಈ ಗುರುತು ಸಿಕ್ಕ ಎಲ್ಲ ಮಕ್ಕಳಿಗೂ ಕಸಿ ಬೇಕು ಎಂಬ ಮಾತೂ ಹಳೆಯದಾಯಿತು. 2020ರಲ್ಲಿ ಚೀನಾದ ವೈದ್ಯರು ಇದೇ ಜಾತಿಯ ಇನ್ನೊಂದು ಮಾತ್ರೆ ಡಾಸಾಟಿನಿಬ್ ಅನ್ನು ಇಮಾಟಿನಿಬ್ ಜೊತೆ ಹೋಲಿಸಿ, ಅವರ ಮಕ್ಕಳಲ್ಲಿ ಡಾಸಾಟಿನಿಬ್ ಫಲಿತಾಂಶ ಹೆಚ್ಚು ಒಳ್ಳೆಯದು ಎಂದು ತೋರಿಸಿದರು.

ರಿಪೋರ್ಟಿನ ಆ ಸಾಲು ಕಾಣದೇ ಹೋಗಿದ್ದರೆ ಮಗುವಿಗೆ ಈ ಮಾತ್ರೆ ಸಿಗುತ್ತಲೇ ಇರಲಿಲ್ಲ. ಕೆಂಪು ಗೆರೆ ಎಳೆದವರು ಅದನ್ನು ಸಾವಿನ ಚೀಟಿ ಎಂದುಕೊಂಡರು. ವೈದ್ಯರಿಗೆ ಅದು ಯಾವ ಔಷಧ ಸೇರಿಸಬೇಕು ಎಂದು ಹೇಳಿದ ಸಾಲು.

ಬೆಲೆಯ ಪ್ರಶ್ನೆ ಬರುತ್ತದೆ. ಇಮಾಟಿನಿಬ್‌ನ ವಿದೇಶಿ ಬ್ರಾಂಡ್ ಗ್ಲಿವೆಕ್‌ಗೆ ಒಂದು ಕಾಲಕ್ಕೆ ತಿಂಗಳಿಗೆ ಲಕ್ಷ ರೂಪಾಯಿಗೂ ಮೇಲಿತ್ತು. ಅದರ ಪೇಟೆಂಟ್ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಭಾರತದ ಕಂಪನಿಗಳು ತಯಾರಿಸುವ ಜೆನೆರಿಕ್ ಇಮಾಟಿನಿಬ್ ಅದರ ಹತ್ತನೇ ಒಂದು ಭಾಗದ ಆಸುಪಾಸಿನ ಬೆಲೆಗೆ ಸಿಗುತ್ತಿತ್ತು, ತೀರ್ಪಿನಿಂದ ಅದು ಉಳಿಯಿತು. ಪೇಟೆಂಟ್ ಕಾನೂನು ಎಂದರೆ ಪೇಪರಿನ ಒಳಪುಟದ ಸುದ್ದಿ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

‘ಪಾಸಿಟಿವ್’, ‘ನೆಗೆಟಿವ್’ ಓದುವಾಗ ಆಗುವ ಎಡವಟ್ಟು

ಕೊರೊನಾ ಕಾಲದಲ್ಲಿ ಪಾಸಿಟಿವ್ ಅಂದರೆ ಕೆಟ್ಟದ್ದು, ನೆಗೆಟಿವ್ ಅಂದರೆ ಬಚಾವ್ ಎಂದು ನಾವೆಲ್ಲ ಕಲಿತುಬಿಟ್ಟೆವು. ಜೀನ್ ರಿಪೋರ್ಟಿಗೆ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಪಾಸಿಟಿವ್ ಅಂದರೆ ಹುಡುಕಿದ ಗುರುತು ಸಿಕ್ಕಿದೆ ಎಂದಷ್ಟೇ ಅರ್ಥ. ಅದು ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಯಾವ ಗುರುತು ಎಂಬುದರ ಮೇಲೆ.

ಉದಾಹರಣೆಗೆ ‘ಇಟಿವಿ6-ಆರ್‌ಯುಎನ್‌ಎಕ್ಸ್1 ಪಾಸಿಟಿವ್’ ಎಂದು ಬಂದರೆ ಅದು ಸಮಾಧಾನದ ಸುದ್ದಿ. 12 ಮತ್ತು 21ನೇ ಕ್ರೋಮೋಸೋಮುಗಳ ಅದಲುಬದಲಿನಿಂದ ಆಗುವ ಈ ಬಗೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಎಎಲ್‌ಎಲ್ ಬಂದ ಮಕ್ಕಳಲ್ಲಿ ಸುಮಾರು ಕಾಲು ಭಾಗಕ್ಕೆ ಇದು ಇರುತ್ತದೆ. ಭಾರತದ ಹಲವು ಆಸ್ಪತ್ರೆಗಳ ವರದಿಗಳಲ್ಲಿ ಅದಕ್ಕಿಂತ ಕಡಿಮೆ. ಕ್ಯಾನ್ಸರ್ ಕಣದಲ್ಲಿ 46ರ ಬದಲು 50ಕ್ಕೂ ಮೇಲೆ ಕ್ರೋಮೋಸೋಮುಗಳಿದ್ದರೆ ಅದೂ ಸಾಮಾನ್ಯವಾಗಿ ಒಳ್ಳೆಯ ಲಕ್ಷಣ. 44ಕ್ಕಿಂತ ಕಡಿಮೆಯಿದ್ದರೆ ಹೆಚ್ಚು ಅಪಾಯ. ಹೆಚ್ಚಿದ್ದರೆ ಒಳ್ಳೆಯದು, ಕಮ್ಮಿಯಿದ್ದರೆ ಕಷ್ಟ ಎಂಬುದು ಕೇಳಿದವರಿಗೆ ತಲೆಕೆಳಗಾಗಿ ಕಾಣುತ್ತದೆ, ಆದರೆ ಇರುವುದು ಹಾಗೆ.

ನೆಗೆಟಿವ್ ಎಂದು ಬಂದಾಗ ಆಗುವ ತಪ್ಪು ಇನ್ನೂ ಅಪಾಯಕಾರಿ. ‘ಬಿಸಿಆರ್-ಎಬಿಎಲ್1 ನೆಗೆಟಿವ್’ ಅಂದರೆ ಕ್ಯಾನ್ಸರ್ ಇಲ್ಲ ಎಂದಲ್ಲ. ಆ ಒಂದು ಗುರುತು ಇಲ್ಲ ಎಂದಷ್ಟೇ. ಇದನ್ನು ನೋಡಿ ಚಿಕಿತ್ಸೆ ನಿಲ್ಲಿಸಿದರೆ ಅನಾಹುತವಾಗುತ್ತದೆ.

ಒಂದು ವರ್ಷ ತುಂಬದ ಕೂಸುಗಳಲ್ಲಿ ಕಾಣುವ ಕೆಎಂಟಿ2ಎ ಎಂಬ ಗುರುತು ನಿಜಕ್ಕೂ ಕಠಿಣವಾದದ್ದು. ಅಲ್ಲಿಯೂ ಲೆಕ್ಕ ಬದಲಾಗುತ್ತಿದೆ. ಬ್ಲಿನಾಟುಮೊಮ್ಯಾಬ್ ಎಂಬ ಔಷಧವನ್ನು ಕೀಮೋಗೆ ಸೇರಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದು 30 ಕೂಸುಗಳ ಚಿಕ್ಕ ಅಧ್ಯಯನ. ಎರಡು ವರ್ಷದವರೆಗೆ ಕಾಯಿಲೆ ಮರಳದೆ ಇದ್ದವರ ಪ್ರಮಾಣ ಹಿಂದಿನ 49ರಿಂದ 82ರ ಹತ್ತಿರಕ್ಕೆ ಏರಿತ್ತು. ಈ ಔಷಧ ದುಬಾರಿ, ನಮ್ಮ ಭಾಗದ ಆಸ್ಪತ್ರೆಗಳಲ್ಲಿ ಸುಲಭಕ್ಕೆ ಸಿಗುವುದಲ್ಲ ಎಂಬುದನ್ನೂ ಹೇಳಲೇಬೇಕು.

ಗುರುತಿಗಿಂತ ದೊಡ್ಡ ಸಾಕ್ಷಿ ಇನ್ನೊಂದಿದೆ. ಚಿಕಿತ್ಸೆ ಶುರುವಾಗಿ ನಾಲ್ಕೈದು ವಾರದ ನಂತರ ಮತ್ತೆ ಬೋನ್ ಮ್ಯಾರೋ ತೆಗೆದು ಎಂಆರ್‌ಡಿ ಎಂಬ ಪರೀಕ್ಷೆ ಮಾಡುತ್ತಾರೆ. ಹತ್ತು ಸಾವಿರ ಕಣಗಳಲ್ಲಿ ಒಂದು ಕ್ಯಾನ್ಸರ್ ಕಣ ಉಳಿದಿದ್ದರೂ ಅದು ಹಿಡಿಯುತ್ತದೆ. ಜೀನ್ ಗುರುತು ಮೊದಲ ದಿನದ ಅಂದಾಜು ಹೇಳುತ್ತದೆ. ಈ ಮಗುವಿನ ಮೈ ಔಷಧಕ್ಕೆ ಹೇಗೆ ಸ್ಪಂದಿಸಿತು ಎಂಬುದನ್ನು ಎಂಆರ್‌ಡಿ ಹೇಳುತ್ತದೆ. ಮುಂದಿನ ಚಿಕಿತ್ಸೆ ಎರಡನ್ನೂ ನೋಡಿ ತೀರ್ಮಾನವಾಗುತ್ತದೆ.

ಮೊದಲ ಸ್ಯಾಂಪಲ್ ಮತ್ತೆ ಸಿಗುವುದಿಲ್ಲ

ಬಸವಕಲ್ಯಾಣ, ಹುಮನಾಬಾದ್ ಕಡೆಯವರು ಮುಖ್ಯವಾಗಿ ಗಮನಿಸಬೇಕಾದದ್ದು ಇದನ್ನೇ ಎಂದು ನಮಗೆ ಅನ್ನಿಸುತ್ತದೆ. ಈ ಎರಡೂ ಊರು ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಗೆ ಸೇರಿಕೊಂಡಿವೆ. ದೊಡ್ಡ ಕಾಯಿಲೆ ಬಂದರೆ ಒಂದು ಮನೆಯವರು ಬೀದರ್‌ನ ಬ್ರಿಮ್ಸ್‌ಗೆ ಹೋಗುತ್ತಾರೆ, ಇನ್ನೊಂದು ಮನೆಯವರು ಕಲಬುರಗಿಗೆ. ಅಲ್ಲಿ ಕಿದ್ವಾಯಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಹುಮನಾಬಾದ್‌ನಿಂದ 2017ರಲ್ಲಿ ರೈಲೂ ಶುರುವಾಯಿತು. ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದದ್ದು. ಆ ರೂಢಿ ಬಿಟ್ಟಿಲ್ಲ, ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರೂ ಇದ್ದಾರೆ. ಸೊಲ್ಲಾಪುರ, ಅಲ್ಲಿಂದ ಮುಂಬೈಯ ಟಾಟಾ ಆಸ್ಪತ್ರೆ ಇನ್ನೊಂದು ದಾರಿ. ಬೆಂಗಳೂರಿನ ಕಿದ್ವಾಯಿ ಇವೆಲ್ಲಕ್ಕಿಂತ ದೂರ.

ಮೂರು ರಾಜ್ಯ, ನಾಲ್ಕು ಭಾಷೆ. ಒಂದು ಕಡೆ ಮನಸ್ಸಿಗೆ ಹಿಡಿಸದಿದ್ದರೆ ಇನ್ನೊಂದು ಕಡೆಗೆ ಹೊರಡುವುದು ಸಹಜ. ಆದರೆ ಜೀನ್ ಗುರುತುಗಳನ್ನು ಹುಡುಕುವುದು ಚಿಕಿತ್ಸೆ ಶುರುವಾಗುವ ಮೊದಲು ತೆಗೆದ ಬೋನ್ ಮ್ಯಾರೋ ಅಥವಾ ರಕ್ತದಲ್ಲಿ, ಅಂದರೆ ಕ್ಯಾನ್ಸರ್ ಕಣಗಳು ತುಂಬಿರುವಾಗ. ಎರಡು ವಾರ ಔಷಧ ಬಿದ್ದ ಮೇಲೆ ಕಣಗಳು ಕರಗಿರುತ್ತವೆ, ಹುಡುಕಿದರೂ ಗುರುತು ಸಿಗದೇ ಹೋಗಬಹುದು. ಹೊಸ ಆಸ್ಪತ್ರೆಯವರು ಕತ್ತಲಲ್ಲಿ ಚಿಕಿತ್ಸೆ ಮಾಡಬೇಕಾಗುತ್ತದೆ. ಅದಕ್ಕೇ ಮೊದಲ ರಿಪೋರ್ಟುಗಳ ಫೈಲ್ ಮಗುವಿನ ಜೊತೆಯಲ್ಲೇ ಇರಬೇಕು. ಫ್ಲೋ ಸೈಟೋಮೆಟ್ರಿ, ಫಿಶ್, ಕ್ಯಾರಿಯೋಟೈಪ್, ಪಿಸಿಆರ್ ಎಂಬ ಹೆಸರಿನ ಹಾಳೆಗಳು ಮುಖ್ಯ. ಪ್ಲಾಸ್ಟಿಕ್ ಕವರಿನಲ್ಲಿ ಒಂದು, ಫೋನಿನಲ್ಲಿ ಒಂದು ಫೋಟೊ. ಜೀನ್ ಪರೀಕ್ಷೆ ಹತ್ತಿರದಲ್ಲಿ ಆಗದಿದ್ದರೂ ಗಾಬರಿ ಬೇಡ. ಸಾಮಾನ್ಯವಾಗಿ ಸ್ಯಾಂಪಲ್ಲನ್ನು ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ, ಮಗುವನ್ನು ಕರೆದೊಯ್ಯಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ. ಬಿಡದ ಜ್ವರಕ್ಕೆ, ಕಾಲುನೋವಿಗೆ ಹಳ್ಳಿಯಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸಿಕೊಳ್ಳುವ ರೂಢಿ ಇದೆ. ಮಗು ಎರಡೇ ದಿನದಲ್ಲಿ ಗೆಲುವಾಗುತ್ತದೆ. ಎಎಲ್‌ಎಲ್‌ಗೆ ಸ್ಟೀರಾಯ್ಡ್ ಕೂಡ ಒಂದು ಔಷಧ, ಹಾಗಾಗಿ ಅರೆಬರೆ ಕೊಟ್ಟಾಗ ಕಾಯಿಲೆ ತಾತ್ಕಾಲಿಕವಾಗಿ ಅಡಗುತ್ತದೆ, ಪರೀಕ್ಷೆಯೂ ದಿಕ್ಕು ತಪ್ಪುತ್ತದೆ. ಕೊಟ್ಟಾಗಿದ್ದರೆ ನಾಚಿಕೆಪಡದೆ ವೈದ್ಯರಿಗೆ ಹೇಳಿ. ಚೀಟಿ ಇದ್ದರೆ ತೋರಿಸಿ.

ಖರ್ಚಿನ ವಿಷಯ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಜೀನ್ ಪರೀಕ್ಷೆ ಆ ಪ್ಯಾಕೇಜಿನೊಳಗೆ ಬರುತ್ತದೆಯೇ, ಹೊರರಾಜ್ಯದ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಮುಂಬೈ, ಹೈದರಾಬಾದ್‌ಗಳಲ್ಲಿ ಚಿಕಿತ್ಸೆಗೆ ಬರುವ ಮಕ್ಕಳಿಗೂ ತಂದೆತಾಯಿಗೂ ಉಚಿತವಾಗಿ ಉಳಿಯಲು ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರುಗಳಿವೆ. ಅಲ್ಲಿಗೆ ಆಸ್ಪತ್ರೆಯ ಮೂಲಕವೇ ಹೋಗಬೇಕು.

‘ಜೀನ್ ಅಂದಮೇಲೆ ವಂಶದ್ದೇ ಅಲ್ಲವೇ?’

ಅಲ್ಲ. ತಾಯಿ ಗ್ರಹಣ ನೋಡಿದ್ದಕ್ಕೆ, ಸಂಬಂಧದಲ್ಲಿ ಮದುವೆಯಾಗಿದ್ದಕ್ಕೆ, ಹೋದ ಜನ್ಮದ ಕರ್ಮಕ್ಕೆ ಎಂದು ಊರಿನವರು ಕಾರಣ ಹುಡುಕುತ್ತಾರೆ. ರಿಪೋರ್ಟಿನಲ್ಲಿ ‘ಜೀನ್’ ಎಂಬ ಪದ ಕಂಡರೆ ಈ ಮಾತಿಗೆ ವಿಜ್ಞಾನದ ಮೊಹರು ಬಿದ್ದಂತಾಗುತ್ತದೆ. ಹುಟ್ಟಿನಿಂದಲೇ ಮನುಷ್ಯನ ಮೇಲು–ಕೀಳನ್ನು ಅಳೆಯುವುದನ್ನು 12ನೇ ಶತಮಾನದಲ್ಲೇ ಪ್ರಶ್ನಿಸಿದ ಕಲ್ಯಾಣದ ನೆಲದಲ್ಲಿ ಒಬ್ಬ ತಾಯಿಯ ಮೇಲೆ ಈ ಹೊರೆ ಹೊರಿಸುವುದು ನಮಗೆ ಸರಿ ಕಾಣುವುದಿಲ್ಲ.

ಬಿಸಿಆರ್-ಎಬಿಎಲ್1 ಆಗಲಿ, ಇಟಿವಿ6-ಆರ್‌ಯುಎನ್‌ಎಕ್ಸ್1 ಆಗಲಿ, ಇರುವುದು ಕ್ಯಾನ್ಸರ್ ಕಣಗಳಲ್ಲಿ ಮಾತ್ರ. ಅಪ್ಪ, ಅಮ್ಮ, ಅಣ್ಣ, ತಂಗಿ ಯಾರಲ್ಲೂ ಇರುವುದಿಲ್ಲ. ಮಗುವಿನ ಚರ್ಮದ ಕಣದಲ್ಲೂ ಇರುವುದಿಲ್ಲ. 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಮೆಲ್ ಗ್ರೀವ್ಸ್ ಮತ್ತು ಸಂಗಡಿಗರು ಮುಂದೆ ರಕ್ತದ ಕ್ಯಾನ್ಸರ್ ಬಂದ ಮಕ್ಕಳ ಹುಟ್ಟಿದಾಗಿನ ರಕ್ತದ ಚುಕ್ಕೆಗಳನ್ನು ಪರೀಕ್ಷಿಸಿದರು. ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿಟ್ಟ ಚುಕ್ಕೆಗಳವು. ಕೆಲವು ಮಕ್ಕಳಲ್ಲಿ ಗುರುತು ಹುಟ್ಟುವ ಹೊತ್ತಿಗೇ ಇತ್ತು. ಅಂದರೆ ಆ ಅದಲುಬದಲು ಗರ್ಭದಲ್ಲೇ, ಯಾವುದೋ ಒಂದು ಕಣ ಇಬ್ಭಾಗವಾಗುವಾಗ ಆಕಸ್ಮಿಕವಾಗಿ ಆಗಿರುತ್ತದೆ. ತಾಯಿಯಿಂದ ಬಳುವಳಿಯಾಗಿ ಬಂದದ್ದಲ್ಲ. ಹೀಗೆ ಗುರುತು ಹೊತ್ತು ಹುಟ್ಟಿದ ಹೆಚ್ಚಿನ ಮಕ್ಕಳಿಗೆ ಕ್ಯಾನ್ಸರ್ ಬರುವುದೇ ಇಲ್ಲ.

ವಂಶದಿಂದ ಬರುವವೂ ಇವೆ, ಆದರೆ ಕಡಿಮೆ. 2015ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಕ್ಯಾನ್ಸರ್ ಬಂದ ಮಕ್ಕಳ ಪೈಕಿ ಹುಟ್ಟಿನಿಂದ ಬಂದ ಜೀನ್ ದೋಷ ಸಿಕ್ಕಿದ್ದು ಶೇ 8.5ರಷ್ಟು ಮಕ್ಕಳಲ್ಲಿ. ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾ ಇದಕ್ಕೆ ಪ್ರಮುಖ ಉದಾಹರಣೆ. ಅದರಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಮಕ್ಕಳಿಗೆ ಆರ್‌ಬಿ1 ಎಂಬ ಜೀನಿನ ದೋಷ ಮೈಯ ಎಲ್ಲ ಕಣಗಳಲ್ಲೂ ಇರುತ್ತದೆ, ಮುಂದೆ ಅವರ ಮಕ್ಕಳಿಗೂ ದಾಟಬಹುದು. ಅಲ್ಲಿ ಒಡಹುಟ್ಟಿದವರ ಪರೀಕ್ಷೆಗೆ ಅರ್ಥವಿದೆ. ಫೋಟೊದಲ್ಲಿ ಮಗುವಿನ ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ಕೂಡಲೇ ಕಣ್ಣಿನ ವೈದ್ಯರಿಗೆ ತೋರಿಸಿ. ಇದೊಂದು ಫಾರ್ವರ್ಡ್ ಬಂದರೆ ಧಾರಾಳವಾಗಿ ಹಂಚಿ.

ಹಾಗೆಯೇ ‘ಎಂಜಲು ಪರೀಕ್ಷೆ ಮಾಡಿಸಿ, ನಿಮ್ಮ ಮಗುವಿಗೆ ಕ್ಯಾನ್ಸರ್ ಬರುತ್ತದೆಯೇ ತಿಳಿಯಿರಿ’ ಎಂಬ ಜಾಹೀರಾತು ಸಂದೇಶಗಳಿವೆ. ಎಎಲ್‌ಎಲ್‌ನ ಗುರುತು ಇರುವುದು ಕಾಯಿಲೆಯ ಕಣದಲ್ಲಿ. ಆರೋಗ್ಯವಾಗಿರುವ ಮಗುವಿನ ಎಂಜಲಿನಲ್ಲಿ ಅದನ್ನು ಹುಡುಕಲು ಏನೂ ಇರುವುದಿಲ್ಲ. ಹೊಕ್ಕುಳಬಳ್ಳಿಯ ರಕ್ತ ಕಾದಿಡಿ ಎಂಬ ಮಾರಾಟದ ಮಾತಿಗೂ ಇದೇ ಉತ್ತರ. ರಕ್ತದ ಕ್ಯಾನ್ಸರ್ ಬಂದ ಮಗುವಿಗೆ ಅದರದೇ ಬಳ್ಳಿಯ ರಕ್ತವನ್ನು ಸಾಮಾನ್ಯವಾಗಿ ಬಳಸುವುದಿಲ್ಲ, ಏಕೆಂದರೆ ಆ ಗುರುತಿನ ಕಣ ಅದರಲ್ಲೂ ಇರಬಹುದು.

ತಂದೆತಾಯಿಯಿಂದ ಬಂದೇ ಬರುವ, ಆದರೆ ಯಾರೂ ಫಾರ್ವರ್ಡ್ ಮಾಡದ ಒಂದು ಗುರುತಿದೆ: ಎನ್‌ಯುಡಿಟಿ15. ಇದು ಕ್ಯಾನ್ಸರ್ ತರುವುದಿಲ್ಲ. ಎಎಲ್‌ಎಲ್ ಚಿಕಿತ್ಸೆ ಒಟ್ಟು ಎರಡು, ಎರಡೂವರೆ ವರ್ಷ ನಡೆಯುತ್ತದೆ. ಅದರಲ್ಲಿ ಹೆಚ್ಚಿನ ಕಾಲ ಮಗು ಮನೆಯಲ್ಲೇ ಇದ್ದು ದಿನಾ 6-ಎಂಪಿ ಎಂಬ ಮಾತ್ರೆ ತೆಗೆದುಕೊಳ್ಳುತ್ತದೆ. ಎನ್‌ಯುಡಿಟಿ15 ಬದಲಾಗಿರುವ ಮಕ್ಕಳಿಗೆ ಸಾಮಾನ್ಯ ಡೋಸ್ ತಡೆಯುವುದಿಲ್ಲ, ಬಿಳಿ ರಕ್ತಕಣ ಪಾತಾಳಕ್ಕೆ ಇಳಿಯುತ್ತದೆ. ಯುರೋಪಿನವರಲ್ಲಿ ಇದು ತೀರಾ ಅಪರೂಪ, ಭಾರತೀಯರಲ್ಲಿ ಅಷ್ಟು ಅಪರೂಪವಲ್ಲ. ಮಗು ಮತ್ತೆ ಮತ್ತೆ ಜ್ವರಕ್ಕೆ ಬಿದ್ದರೆ ಮನೆಯವರು ‘ಔಷಧದ ಉಷ್ಣ’ ಎಂದು ಮಾತ್ರೆ ನಿಲ್ಲಿಸುತ್ತಾರೆ. ನಿಲ್ಲಿಸುವ ಬದಲು ‘ಎನ್‌ಯುಡಿಟಿ15, ಟಿಪಿಎಂಟಿ ಪರೀಕ್ಷೆ ಆಗಿದೆಯೇ? ಡೋಸ್ ಕಡಿಮೆ ಮಾಡಬೇಕೇ?’ ಎಂದು ವೈದ್ಯರನ್ನು ಕೇಳಿ. ಡೋಸ್ ಇಳಿಸಿ ಮುಂದುವರಿಸಬಹುದು. ಅರ್ಧಕ್ಕೆ ಬಿಟ್ಟರೆ ಒಳ್ಳೆಯ ಗುರುತಿರುವ ಮಗುವಿಗೂ ಕಾಯಿಲೆ ಮರಳುತ್ತದೆ.

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಹಲವು ಬಡ ದೇಶಗಳಲ್ಲಿ 30ಕ್ಕಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಅಂತರಕ್ಕೆ ಕಾರಣ ಆ ಮಕ್ಕಳ ಜೀನ್ ಅಲ್ಲ. ಕಾಯಿಲೆಯನ್ನು ತಡವಾಗಿ ಗುರುತಿಸುವುದು, ಔಷಧ ಸಿಗದಿರುವುದು, ಚಿಕಿತ್ಸೆಯನ್ನು ನಡುವೆ ಬಿಡುವುದು ಅದು ಕೊಡುವ ಕಾರಣಗಳಲ್ಲಿವೆ.

ಹುಮನಾಬಾದ್‌ನ ಓದುಗರಿಗೆ ನಾವು ಚಿಕಿತ್ಸೆಯ ಸಲಹೆ ಕೊಡಲಿಲ್ಲ, ಅದು ನಮ್ಮ ಕೆಲಸವಲ್ಲ. ವೈದ್ಯರನ್ನು ಕೇಳಲು ಮೂರು ಪ್ರಶ್ನೆ ಬರೆದುಕೊಟ್ಟೆವು. ಈ ಗುರುತಿಗೆ ಇಮಾಟಿನಿಬ್ ಅಥವಾ ಡಾಸಾಟಿನಿಬ್ ಶುರುವಾಗಿದೆಯೇ? ಎಂಆರ್‌ಡಿ ಯಾವ ದಿನ? ಕಾರ್ಡಿನಲ್ಲಿ ಈ ಮಾತ್ರೆ ಸಿಗುತ್ತದೆಯೇ? ನಾಲ್ಕು ದಿನದ ಮೇಲೆ ಉತ್ತರ ಬಂತು. ಮಾತ್ರೆ ರಿಪೋರ್ಟ್ ಬಂದ ದಿನವೇ ಶುರುವಾಗಿತ್ತಂತೆ, ಮನೆಯಲ್ಲಿ ಯಾರಿಗೂ ಅದು ಯಾವುದಕ್ಕೆ ಎಂದು ಗೊತ್ತಿರಲಿಲ್ಲ. ಹುಡುಗ ಇನ್ನೂ ವಾರ್ಡಿನಲ್ಲೇ ಇದ್ದಾನೆ. ಎಂಆರ್‌ಡಿಗೆ ಇನ್ನೂ ಹದಿನೇಳು ದಿನ ಇದೆ ಎಂದು ಅವನ ಕಾಕಾ ಬರೆದಿದ್ದರು.